ಹಲವಾಗಲಿನ ಸಿಂಹಳದ ಅಳಿಯ

ಸಿರಿಪಾಲನಿಗೆ ಮೊದಲ ಗಲಿಬಿಲಿ ಆದದ್ದು ಊಟದ ತಟ್ಟೆಯ ಮುಂದೆ. ಹಲವಾಗಲಿನಲ್ಲಿ ಹೆಂಡತಿಯ ತಮ್ಮ ಭೀಮರಾಜನ ಮನೆಯ ಪಡಸಾಲೆಯಲ್ಲಿ, ಹೊಸ ಲುಂಗಿ ಉಟ್ಟು ಕಾಲು ಮಡಚಿ ಕೂತಿದ್ದ. ಎರಡು ರೊಟ್ಟಿ, ಪುಂಡಿಪಲ್ಯ ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿತು. ಭೀಮರಾಜನ ಹೆಂಡತಿ ಅಂಜಿನಕ್ಕ ಮೂರನೆಯ ರೊಟ್ಟಿ ತಂದಾಗ ತಟ್ಟೆಗೆ ಕೈ ಅಡ್ಡ ಹಿಡಿದು "ಎಪಾ, ಎಪಾ" ಅಂದ. ಅವನ ಸಿಂಹಳದಲ್ಲಿ ಹಾಗಂದರೆ ಬೇಡ ಅಂತ. ಅಂಜಿನಕ್ಕನ ಕಿವಿಗೆ ಅದು "ಯಪ್ಪಾ" ಅಂತ ಬಿತ್ತು. ಪಾಪ, ನಮ್ಮ ರೊಟ್ಟಿ ಎಷ್ಟು ರುಚಿ ಹತ್ತಿರಬೇಕು ಅಂದುಕೊಂಡು ಅವಳು ಕೈ ಸರಿಸಿ ಹಾಕಿಯೇಬಿಟ್ಟಳು. ಅವನು ಇನ್ನೂ ಜೋರಾಗಿ "ಎಪಾ" ಅಂದಷ್ಟೂ ಅವಳ ಮುಖ ಅರಳಿತು, ರೊಟ್ಟಿಯ ಮೇಲೆ ಬೆಣ್ಣೆಯೂ ಬಿತ್ತು. ಪಕ್ಕದಲ್ಲಿ ಕೂತ ಹೆಂಡತಿ ಶಿವಗಂಗಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳೇ ಹೊರತು ಬಿಡಿಸಿ ಹೇಳಲಿಲ್ಲ.

ಪೂರಾ ಬೇರೆ ಭಾಷೆಯಾಗಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ ಅಂತ ಅವನಿಗೆ ಆಮೇಲೆ ಅನಿಸಿತು. ಮಸ್ಕತ್ತಿಗೆ ಹೋದಾಗ ಅರಬ್ಬಿ ಒಂದಕ್ಷರ ಬರುತ್ತಿರಲಿಲ್ಲ, ಬರಲ್ಲ ಅಂತ ಗೊತ್ತಿತ್ತು, ಕೈಸನ್ನೆಯಲ್ಲಿ ಕಲಿತ. ಇಲ್ಲಿ ಹಾಗಲ್ಲ. ಅಮ್ಮ ಅಂದರೆ ಅಮ್ಮನೇ, ಅಕ್ಕ ಅಂದರೆ ಅಕ್ಕನೇ. ಇದು ನಮ್ಮದೇ ಅಂತ ಧೈರ್ಯವಾಗಿ ಕಾಲಿಟ್ಟರೆ ಮುಂದಿನ ಮೆಟ್ಟಿಲು ಇರುತ್ತಿರಲಿಲ್ಲ. ಅವನ ಕಡೆ ತಮ್ಮನಿಗೆ ಮಲ್ಲಿ ಅನ್ನುತ್ತಾರೆ. ಹಡಗಲಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗನನ್ನು "ಮಲ್ಲಿ, ಮಲ್ಲಿ" ಅಂತ ಕರೆದರೆ, ಅವನು ಓಡಿಹೋಗಿ ಎರಡು ಮಾರು ಮಲ್ಲಿಗೆ ತಂದುಕೊಟ್ಟ. ಐವತ್ತು ದಾಟಿದ ಭೀಮರಾಜ "ಮಾಮಾ" ಅನ್ನುವುದಂತೂ ಅರ್ಥವೇ ಆಗಲಿಲ್ಲ. ಅವನ ಕಡೆ ಮಾಮಾ ಅಂದರೆ ಸೋದರಮಾವ. ಇಷ್ಟು ದೊಡ್ಡ ಗಂಡಸಿಗೆ ನಾನು ಸೋದರಮಾವ ಹೇಗಾದೆ? ಅಕ್ಕನ ಗಂಡನನ್ನು ಇಲ್ಲಿ ಹಾಗೇ ಕರೆಯುವುದು ಅಂತ ಶಿವಗಂಗಾ ಹೇಳಿದಳು. ಓಣಿಯ ಮಕ್ಕಳು ಅವನನ್ನು "ತಾತಾ" ಅಂದಾಗ ಮಾತ್ರ ಅವನು ಬೆಚ್ಚಿ ನಿಂತುಬಿಡುತ್ತಿದ್ದ. ಅವನ ಊರಲ್ಲಿ ಅಪ್ಪನಿಗೆ ತಾತ್ತಾ ಅನ್ನುತ್ತಾರೆ. ಅವನಿಗೂ ಶಿವಗಂಗಾಗೂ ಮಕ್ಕಳಿರಲಿಲ್ಲ.

ಸಿರಿಪಾಲ ಶ್ರೀಲಂಕಾದ ಕುರುನೇಗಲದ ಕಡೆಯವನು. ಮಸ್ಕತ್ತಿನ ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಹುಡುಗನಾಗಿ ಸೇರಿ ಕೊನೆಗೆ ಅದರ ಮೇಲ್ವಿಚಾರಕನಾದವನು. ಶಿವಗಂಗಾ ಅದೇ ಆಸ್ಪತ್ರೆಯ ನರ್ಸು. ಹರಪನಹಳ್ಳಿಯಲ್ಲಿ ಓದಿ, ದಾವಣಗೆರೆಯಲ್ಲಿ ನರ್ಸಿಂಗ್ ಮುಗಿಸಿ, ಮನೆಯಲ್ಲಿ ನೋಡಿದ ಎರಡು ಸಂಬಂಧ ಬೇಡ ಅಂತ ಹೇಳಿ ಹೋದವಳು. ಒಂದು ದಿನ ವಾರ್ಡಿಗೆ ಹರಿದ ಬೆಡ್‌ಶೀಟು ಬಂತು ಅಂತ ಜಗಳಕ್ಕೆ ಲಾಂಡ್ರಿಗೆ ಇಳಿದಳು. ಅವನು ಒಂದು ಮಾತೂ ಎದುರಾಡದೆ ಸೂಜಿದಾರ ತಂದು ಅಲ್ಲೇ ಹೊಲಿದುಕೊಟ್ಟ. ಅಲ್ಲಿಂದ ಶುರುವಾದದ್ದು ಮದುವೆಗೆ ಬಂದು ನಿಂತಿತು. ನೀವು ಯಾವ ಜನ ಅಂತ ಅವನು ಕೇಳಿದ್ದ. "ಬೌದ್ಧರು" ಅಂದಿದ್ದಳು. ಅವನೂ ಬೌದ್ಧನೇ. ಇಬ್ಬರಿಗೂ ಅಷ್ಟು ಸಾಕಾಗಿತ್ತು. ಮನೆಯಲ್ಲಿ ಮಾತಾಡುವುದು ಮಸ್ಕತ್ತಿನ ಹರಕು ಹಿಂದಿ.

ರಿಟೈರ್ ಆದಮೇಲೆ ಕುರುನೇಗಲಕ್ಕೆ ಹೋಗುವುದು ಅಂತಲೇ ಇತ್ತು. ಆದರೆ ಅವರು ಹೊರಡಬೇಕಾದ ವರ್ಷ ಆ ದೇಶದಲ್ಲಿ ಪೆಟ್ರೋಲಿಗೆ ಜನ ರಸ್ತೆಯಲ್ಲೇ ಮಲಗುತ್ತಿದ್ದರು, ಶಿವಗಂಗಾಳ ಬಿಪಿ ಮಾತ್ರೆ ಸಿಗುವುದಿಲ್ಲ ಅಂತ ಅವನ ಅಣ್ಣನೇ ಫೋನು ಮಾಡಿ ಹೇಳಿದ. "ಹಂಗಾದ್ರ ನಮ್ಮೂರಿಗೆ ಹೋಗೋಣು. ಎರಡು ವರ್ಷ ನೋಡೋಣು" ಅಂದಳು ಅವಳು. ಅವನು ಒಪ್ಪಿದ್ದಕ್ಕೆ ಅವಳಿಗೆ ಹೇಳದ ಇನ್ನೊಂದು ಕಾರಣವಿತ್ತು. ಸಿಂಹಳದವರು ಭಾರತವನ್ನು ದಂಬದಿವ ಅನ್ನುತ್ತಾರೆ, ಬುದ್ಧ ಹುಟ್ಟಿ ಓಡಾಡಿದ ನೆಲ. ಅವನ ಅಜ್ಜಿ ದಂಬದಿವ ನೋಡಬೇಕು ಅಂತ ಹಂಬಲಿಸಿಯೇ ಸತ್ತಳು. ವಯಸ್ಸಾದ ಮೇಲೆ ದಂಬದಿವದಲ್ಲಿ ಇರುವ ಯೋಗ ಎಷ್ಟು ಜನಕ್ಕೆ ಬರುತ್ತದೆ?

ದಂಬದಿವ ಅವನಿಗೆ ಸಿಕ್ಕಿದ್ದು ಹರಪನಹಳ್ಳಿಯಲ್ಲಿ, ಏಕಾಂತಪ್ಪನವರ ಮನೆಯ ಮಹಡಿಯ ಮೇಲೆ, ಬಾಡಿಗೆಗೆ. ಏಕಾಂತಪ್ಪ ಮೆಕ್ಕೆಜೋಳದ ವ್ಯಾಪಾರಿ, ಹಣೆತುಂಬ ವಿಭೂತಿ, ಸೌಮ್ಯ ಮನುಷ್ಯ. ಹೆಂಡತಿ ನಾಗಲಿಂಗಮ್ಮ ಮೊದಲ ವಾರವೇ ಶಿವಗಂಗಾಳ ಹತ್ತಿರ ಬಿಪಿ ನೋಡಿಸಿಕೊಂಡು ಗೆಳತಿಯಾದಳು. ಒಗ್ಗರಣೆ ಮಂಡಕ್ಕಿ, ಶೇಂಗಾ ಹೋಳಿಗೆ ಸ್ಟೀಲಿನ ಡಬ್ಬಿಯಲ್ಲಿ ಮೇಲೆ ಬರುತ್ತಿದ್ದವು, ಡಬ್ಬಿ ತುಂಬಿಕೊಂಡೇ ಕೆಳಗೆ ಹೋಗುತ್ತಿತ್ತು. ಸಿರಿಪಾಲ ಯಾರು ಏನು ಹೇಳಿದರೂ "ಹರಿ, ಹರಿ" ಅನ್ನುತ್ತಿದ್ದ, ಅವನ ಭಾಷೆಯಲ್ಲಿ ಸರಿ ಸರಿ ಅಂತ. ಒಂದು ದಿನ ಏಕಾಂತಪ್ಪ ಅವನನ್ನು ಪಕ್ಕಕ್ಕೆ ಕರೆದು, "ಸರ್, ತಪ್ಪು ತಿಳ್ಕಬ್ಯಾಡ್ರಿ. ನಮ್ಮ ಓಣ್ಯಾಗ ಹರ ಅನ್ರಿ. ನೀವು ಹರಿ ಹರಿ ಅಂದು ಅಂದು ಮಂದಿ ನಿಮ್ಮನ್ನ ಆಚಾರ್ರು ಅಂತ ತಿಳ್ಕಂಡಾರ" ಅಂದರು. ಅವನು ತಲೆಯಾಡಿಸಿ "ಹರಿ" ಅಂದ.

ಹುಣ್ಣಿಮೆ ಬಂತು. ಅವನು ಬಿಳಿ ಬಟ್ಟೆ ಹಾಕಿಕೊಂಡು, ಇಲ್ಲಿ ಬೌದ್ಧರ ಗುಡಿ ಎಲ್ಲಿದೆ ಅಂತ ಭೀಮರಾಜನನ್ನು ಕೇಳಿದ. ಭೀಮರಾಜ ಸರ್ಕಾರಿ ಬಸ್ಸಿನ ಕಂಡಕ್ಟರು, ಸಂಘಟನೆಯಲ್ಲಿ ಓಡಾಡಿದವನು. ಗುಡಿ ಇಲ್ಲಿಲ್ಲ ಅಂತ ತನ್ನ ಮನೆಗೇ ಕರೆದೊಯ್ದ. ಅವನ ಪಡಸಾಲೆಯಲ್ಲಿ ಬುದ್ಧನ ಫೋಟೋ, ಅದರ ಪಕ್ಕ ಬಾಬಾಸಾಹೇಬರದು. ಆದರೆ ಅಡುಗೆಮನೆಯಲ್ಲಿ ಉಚ್ಚಂಗೆಮ್ಮನ ಫೋಟೋ, ಅದಕ್ಕೆ ಭಂಡಾರ, ಊದಿನಕಡ್ಡಿ. ಇದು ಹೇಗೆ ಅಂತ ಸಿರಿಪಾಲ ಬೆರಳು ಮಾಡಿ ಕೇಳಿದರೆ ಭೀಮರಾಜ, "ಪಡಸಾಲ್ಯಾಗ ನಂದು ನಡೀತೈತಿ ಮಾಮಾ, ಅಡಿಗಿ ಮನ್ಯಾಗ ನಮ್ಮವ್ವಂದು" ಅಂದ.

ಆ ವರ್ಷದ ಬುದ್ಧ ಪೂರ್ಣಿಮೆಗೆ ಹರಪನಹಳ್ಳಿಯ ಸಮುದಾಯ ಭವನದಲ್ಲಿ ಕಾರ್ಯಕ್ರಮವಿತ್ತು. ಭೀಮರಾಜ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ. ಅವನಿಗೆ ಗೊತ್ತಿದ್ದ ವೈಶಾಖ ಹುಣ್ಣಿಮೆ ಅಂದರೆ ಕಾಗದದ ದೀಪ, ಮೆತ್ತಗಿನ ದನಿ, ದಾನದ ಅನ್ನ. ಇಲ್ಲಿ ಮೈಕು, ಹೋರಾಟದ ಹಾಡು, ಮೀಸಲಾತಿಯ ಬಗ್ಗೆ ಕಾವೇರಿದ ಭಾಷಣ. ಇದು ಹಬ್ಬವೋ ಸಭೆಯೋ ತಿಳಿಯದೆ ಕೂತಿದ್ದವನನ್ನು ಹೆಸರು ಹಿಡಿದು ಕರೆದು ಶಾಲು ಹೊದಿಸಿದರು. "ಬುದ್ಧನ ನಾಡಿನಿಂದ ನಮ್ಮ ನಡುವೆ ಬಂದಿರುವ ಹಿರಿಯರು" ಅಂತ ನಿರೂಪಣೆ ಮಾಡುತ್ತಿದ್ದ ಹುಡುಗಿ ಹೇಳಿದಳು. ಶಿವಗಂಗಾ ಕಿವಿಯಲ್ಲಿ ಅರ್ಥ ಹೇಳಿದಾಗ ಅವನು ಮೈಕಿನ ಮುಂದೆ ನಿಂತು ಗೊಂದಲಕ್ಕೆ ಬಿದ್ದ. ಬುದ್ಧನ ನಾಡು ಅಂತ ನಾನು ಇಲ್ಲಿಗೆ ಬಂದೆ, ಇವರು ನನ್ನ ಕಡೆ ಕೈ ತೋರಿಸುತ್ತಿದ್ದಾರಲ್ಲ! ಕೊನೆಗೆ ಕೈಮುಗಿದು, ತನ್ನೂರಿನ ವಿಹಾರದಲ್ಲಿ ಹೇಳುವ ಹಾಗೆ "ಸಾಧು, ಸಾಧು" ಅಂದು ಇಳಿದ. ಚಪ್ಪಾಳೆ ಬಹಳ ಹೊತ್ತು ಬಿತ್ತು.

ಇವೆಲ್ಲ ಒಂದು ತೂಕವಾದರೆ ಅತ್ತೆಯದೇ ಒಂದು ತೂಕ. ಹಂಪಮ್ಮನಿಗೆ ಎಂಬತ್ತು ದಾಟಿತ್ತು. ಹಲವಾಗಲಿಗೆ ಹೋದಾಗಲೆಲ್ಲ ಸಿರಿಪಾಲ ಬಾಗಿಲಲ್ಲಿ ಕಂಡ ಕೂಡಲೇ ಆಕೆ ತಲೆಮೇಲೆ ಸೆರಗು ಎಳೆದು ಗೋಡೆಗೆ ತಿರುಗುತ್ತಿದ್ದಳು. ಅವನ ಜತೆ ಒಂದು ಮಾತಿಲ್ಲ. ಏನಿದ್ದರೂ ಗೋಡೆಗೆ ಹೇಳಿದ ಹಾಗೆ, "ಅವರಿಗೆ ಚಾ ಕೊಡವ್ವಾ" ಅಂತ. ಪರದೇಶದವನನ್ನು ಕಟ್ಟಿಕೊಂಡದ್ದಕ್ಕೆ ಮುದುಕಿಗೆ ಇನ್ನೂ ಸಿಟ್ಟಿದೆ ಅಂತ ಅವನು ತೀರ್ಮಾನಿಸಿದ.

"ಸಿಟ್ಟಲ್ಲೋ ಮಾರಾಯ, ಅಳಿಯಗ ಕೊಡೋ ಮರ್ಯಾದಿ ಅದು" ಅಂದಳು ಶಿವಗಂಗಾ.

"ಬೆನ್ನು ತೋರಿಸುವುದು ಮರ್ಯಾದೆಯಾ?"

"ಇಲ್ಲಿ ಹೌದು."

ಅವನು ನಂಬಲಿಲ್ಲ. ಆದರೂ ಅವನೇ ಹಟ ಮಾಡಿ, ಅತ್ತೆಯನ್ನು ಒಂದೆರಡು ದಿನ ನಮ್ಮ ಮನೆಯಲ್ಲಿ ಇರಿಸಿಕೊಳ್ಳೋಣ ಅಂತ ಕರೆಸಿದ. ಭೀಮರಾಜ ತಾಯಿಯನ್ನು ಬಸ್ಸಿನಲ್ಲಿ ಕರೆತಂದು ಮಹಡಿ ಹತ್ತಿಸಿದ. ಕೆಳಗೆ ಅಂಗಳದಲ್ಲಿ ಜೋಳ ಆರಿಸುತ್ತಿದ್ದ ನಾಗಲಿಂಗಮ್ಮ ನೋಡಿದಳು. ಯಾವೂರು, ಯಾರ ಪೈಕಿ ಅಂತ ಹಂಪಮ್ಮನನ್ನೇ ವಿಚಾರಿಸಿದಳು. ಹಂಪಮ್ಮ ಇದ್ದದ್ದು ಇದ್ದ ಹಾಗೆ ಹೇಳಿದಳು.

ಮುಂದಿನ ವಾರ ಹೋಳಿಗೆ ಬಂತು, ಪೇಪರ್ ಪ್ಲೇಟಿನಲ್ಲಿ. ನಾಗಲಿಂಗಮ್ಮ ಮೆಟ್ಟಿಲ ಮೇಲೇ ಇಟ್ಟು, ನಕ್ಕು, ಕೆಳಗಿಳಿದಳು. "ಒಳ್ಳೇದೇ ಆಯ್ತು, ತೊಳೆಯೋ ಕೆಲಸ ಇಲ್ಲ" ಅಂದ ಸಿರಿಪಾಲ. ಶಿವಗಂಗಾ ಪ್ಲೇಟನ್ನು ಕಿಟಕಿಯಲ್ಲಿಟ್ಟಳು, ಮುಟ್ಟಲಿಲ್ಲ. ಸಂಜೆಗೆ ಇರುವೆ ಹತ್ತಿತು. ಆ ಇರುವೆಸಾಲು ನೋಡುತ್ತ ಕೂತಾಗ ಸಿರಿಪಾಲನಿಗೆ ಇದ್ದಕ್ಕಿದ್ದಂತೆ ತನ್ನ ಅಮ್ಮ ನೆನಪಾದಳು. ಊರ ದೊಡ್ಡ ಮನೆಗಳಿಗೆ ಬಟ್ಟೆಗಂಟು ಹೊತ್ತು ಹೋದರೆ ಅಮ್ಮನಿಗೆ ಕೂರಲು ಕುಳ್ಳ ಮಣೆ ಹಾಕುತ್ತಿದ್ದರು. ಎಲ್ಲರ ಕುರ್ಚಿಗಿಂತ ಗೇಣು ಕೆಳಗೆ. ಹಾಕುವವರು ನಗುನಗುತ್ತಲೇ ಹಾಕುತ್ತಿದ್ದರು. ಅವನದು ಬಟ್ಟೆ ಒಗೆಯುವ ಮನೆತನ. ಮಸ್ಕತ್ತಿನಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಅಲ್ಲಿ ಎಲ್ಲ ದೇಶದವರೂ ಬಟ್ಟೆ ಒಗೆಯುತ್ತಿದ್ದರು, ಹೇಳುವ ಪ್ರಸಂಗವೇ ಬರಲಿಲ್ಲ ಅಂತ ತನಗೆ ತಾನೇ ಹೇಳಿಕೊಂಡಿದ್ದ.

ಬೆಳಿಗ್ಗೆ ಕೆಳಗಿಳಿದು ಏಕಾಂತಪ್ಪನವರ ಅಂಗಡಿಯಲ್ಲಿ ಕೂತ. ಹಿಂದಿಯಲ್ಲೇ ನೇರವಾಗಿ ಕೇಳಿದ, ಡಬ್ಬಿ ಯಾಕೆ ಬರುತ್ತಿಲ್ಲ ಅಂತ. ಏಕಾಂತಪ್ಪ ಮುಜುಗರಪಟ್ಟರು. ಕೈಯಲ್ಲಿದ್ದ ಜೋಳದ ಕಾಳು ತಿರುವುತ್ತ, ತಮಗೆ ಬಂದ ಹಿಂದಿ ಬೆರೆಸಿ ಹೇಳಿದರು:

"ನೋಡ್ರಿ ಸರ್, ನಾನಂತೂ ಏನೂ ಅನ್ನಾಂಗಿಲ್ಲ. ಹೆಣ್ಮಕ್ಳು, ಅವರದೊಂದು ಇರ್ತೈತಿ. ನಿಮಗ ಇದರಾಗ ಸಂಬಂಧ ಇಲ್ಲ ಬಿಡ್ರಿ. ನೀವು ಹೊರಗಿನೋರು."

"ನನ್ನ ಹೆಂಡತಿ?"

"ಅವರು ಇಲ್ಲಿಯೋರಽ ಅಲ್ಲೇನ್ರಿ" ಅಂದರು ಏಕಾಂತಪ್ಪ, ಬಹಳ ಬೇಜಾರಿನಿಂದ.

ಮೆಟ್ಟಿಲು ಹತ್ತುವಾಗ ಸಿರಿಪಾಲ ಲೆಕ್ಕ ಹಾಕಿದ, ಹಾಕಿ ಹಾಕಿ ತಪ್ಪಿದ. ಸಮುದ್ರದಾಚೆಯಿಂದ ಬಂದ ನನ್ನ ಡಬ್ಬಿ ನಡೆಯುತ್ತದೆ, ಈ ತಾಲೂಕಿನಲ್ಲೇ ಹುಟ್ಟಿದವಳದು ನಡೆಯುವುದಿಲ್ಲ. ನಾನು ಏನು ಅಂತ ಇವರಿಗೆ ಗೊತ್ತಾದರೆ ನನ್ನದೂ ನಡೆಯುವುದಿಲ್ಲವೇ? ಅಥವಾ ನಡೆಯುತ್ತದೆಯೇ? ಯಾರನ್ನು ಕೇಳುವುದು?

ಕೇಳುವ ಮೊದಲೇ ಹಲವಾಗಲಿನಿಂದ ಫೋನು ಬಂತು. ಹಂಪಮ್ಮ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ದಾವಣಗೆರೆಯ ಡಾಕ್ಟರು ಈ ವಯಸ್ಸಿಗೆ ಆಪರೇಷನ್ ಬೇಡ, ಮನೆಯಲ್ಲೇ ಮಲಗಿಸಿ ನೋಡಿಕೊಳ್ಳಿ ಅಂದರು. ಶಿವಗಂಗಾ ಬಟ್ಟೆ ಕಟ್ಟಿಕೊಂಡು ಹೊರಟಳು. ಸಿರಿಪಾಲನೂ ಹೊರಟ. ಮಹಡಿ ಮನೆಗೆ ಬೀಗ ಬಿತ್ತು.

ಹಾಸಿಗೆ ಹಿಡಿದ ಮುದುಕಿಯ ಮನೆಯಲ್ಲಿ ದಿನಕ್ಕೆಷ್ಟು ಬಟ್ಟೆ ಬೀಳುತ್ತದೆ ಅಂತ ಕಂಡವರಿಗೇ ಗೊತ್ತು. ಅಂಜಿನಕ್ಕನಿಗೆ ಸೊಂಟನೋವು, ಶಿವಗಂಗಾಗೆ ತಾಯಿಯ ಮಗ್ಗುಲು ಬಿಟ್ಟು ಏಳಲು ಆಗುತ್ತಿರಲಿಲ್ಲ. ಮೂಲೆಯಲ್ಲಿ ಬೆಡ್‌ಶೀಟಿನ ರಾಶಿ ಬೆಳೆಯಿತು. ಸಿರಿಪಾಲ ಎರಡು ದಿನ ಸುಮ್ಮನೆ ನೋಡಿದ. ಈ ದೇಶಕ್ಕೆ ಬಂದಾಗಿನಿಂದ ಅವನಿಗೆ ಸರಿಯಾಗಿ ಗೊತ್ತಿರುವ ಒಂದು ಕೆಲಸವೂ ಕೈಗೆ ಸಿಕ್ಕಿರಲಿಲ್ಲ. ಮೂರನೆಯ ದಿನ ಗಂಟು ಕಟ್ಟಿಕೊಂಡು ಹಿತ್ತಲಿನ ನಲ್ಲಿಯ ಹತ್ತಿರ ಹೋಗಿ, ಲುಂಗಿ ಎತ್ತಿ ಕಟ್ಟಿ ಕೂತ. ಕೈಗೆ ಸೋಪಿನ ನೊರೆ ಹತ್ತಿದ ಮೇಲೆ ಎಷ್ಟೋ ತಿಂಗಳ ನಂತರ ತಲೆ ಒಂದಿಷ್ಟು ತಿಳಿಯಾಯಿತು.

ಡ್ಯೂಟಿ ಮುಗಿಸಿ ಬಂದ ಭೀಮರಾಜ ಹಿತ್ತಲಿಗೆ ಬಂದವನು ನಿಂತಲ್ಲೇ ನಿಂತ.

"ಮಾಮಾ, ಏನ್ ಮಾಡಾಕತ್ತೀರಿ? ಏಳ್ರಿ ಮ್ಯಾಲೆ. ಅತ್ತಿ ಹಾಸಿಗಿ ಅಳಿಯನ ಕೈಲಿ ಒಗಸ್ತಾರಂತ ಮಂದಿ ನಮ್ಮ ಮಾರಿಗೆ ಉಗುಳ್ತಾರ."

"ನನ್ನ ಕೆಲಸ ಭೀಮರಾಜ. ಇದೇ ನನ್ನ ಕೆಲಸ."

"ಆಸ್ಪತ್ರ್ಯಾಗ ಮಿಷಿನ್ನಿಗೆ ಹಾಕೋದು ಬ್ಯಾರೆ, ಇದು ಬ್ಯಾರೆ."

"ನನ್ನಪ್ಪನೂ ಇದೇ ಮಾಡಿದ" ಅಂದುಬಿಟ್ಟ ಸಿರಿಪಾಲ, ಹಿಂದಿಯಲ್ಲೇ. "ಅವರಪ್ಪನೂ. ನಮ್ಮ ಮನೆತನ ಇದೇ. ಊರಿನವರ ಬಟ್ಟೆ ಒಗೆಯೋರು."

ಹೇಳಿದ ಮೇಲೆ ತಲೆ ತಗ್ಗಿಸಿ ಕಾದ. ಇದನ್ನು ಕೇಳಿದವರ ಮುಖದಲ್ಲಿ ಮೂಡುವ ತಾತ್ಸಾರ ಅವನಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಆದರೆ ಭೀಮರಾಜನ ಮುಖದಲ್ಲಿ ಅದು ಮೂಡಲಿಲ್ಲ. "ಅಂದ್ರ ನೀವು ಮಡಿವಾಳ್ರೇನ್ರಿ?" ಅಂದ ಭೀಮರಾಜ, ಗಾಬರಿಯಿಂದ ಒಂದು ಹೆಜ್ಜೆ ಹಿಂದೆ ಸರಿದು. ಆಮೇಲೆ ಆ ಹಿಂದೆ ಸರಿದದ್ದಕ್ಕೆ ತನ್ನ ಮೇಲೇ ಸಿಟ್ಟುಮಾಡಿಕೊಂಡವನಂತೆ ಮುಂದೆ ಬಂದು ಸೋಪು ಕಸಿದುಕೊಂಡ. ಇಷ್ಟು ವರ್ಷ ಇಂಥವೇ ಲೆಕ್ಕಗಳನ್ನು ಅಳಿಸಬೇಕು ಅಂತ ಮೈಕಿನಲ್ಲಿ ಮಾತಾಡಿದವನು ಅವನು.

ಬಾಗಿಲಲ್ಲಿ ಶಿವಗಂಗಾ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಭೀಮರಾಜ ಸೋಪು ಹಿಡಿದೇ ಒಳಗೆ ಹೋದಮೇಲೆ ಕಲ್ಲಿನ ಮೇಲೆ ಗಂಡನ ಪಕ್ಕ ಕೂತಳು.

"ಇಷ್ಟು ವರ್ಷ ಹೇಳ್ಲಿಲ್ಲ."

"ನೀನೂ ಬೌದ್ಧರು ಅಂತಷ್ಟೇ ಹೇಳಿದೆ."

"ಹೂಂ" ಅಂದಳು.

"ಭೀಮರಾಜ ಯಾಕೆ ಹಿಂದೆ ಸರಿದ? ನಾನು ಕೀಳು ಅಂತಲಾ?"

"ಅಲ್ಲ. ಇಲ್ಲಿಯ ಲೆಕ್ಕದಾಗ ನೀನು ನಮಗಿಂತ ಮ್ಯಾಲೆ. ಹಿಂದಕ್ಕ ಊರ ಮಡಿವಾಳ್ರು ನಮ್ಮ ಬಟ್ಟಿ ಮುಟ್ತಿದ್ದಿಲ್ಲ."

ಸಿರಿಪಾಲ ಅವಳ ಮುಖ ನೋಡಿದ. ಅವನು ಹುಟ್ಟಿದಾಗಿನಿಂದ ಯಾರಿಗಿಂತಲೂ ಮೇಲೆ ಇದ್ದವನಲ್ಲ. "ನಾನು ನಿನಗಿಂತ ಮೇಲೆ?"

"ಈ ಹಿತ್ತಲದಾಗ ಕುಂತು ಹೇಳಿದ್ರ, ಹೌದು."

"ಕುರುನೇಗಲದಲ್ಲಿ ಕೂತರೆ?"

"ಅದನ್ನ ನೀನಽ ಹೇಳಬೇಕು."

ಕುರುನೇಗಲದಲ್ಲಿ ಶಿವಗಂಗಾಳಿಗೆ ಯಾವ ಮಣೆ ಹಾಕುತ್ತಿದ್ದರೋ ಅವನು ಯೋಚಿಸಿಯೇ ಇರಲಿಲ್ಲ. ಇಬ್ಬರೂ ಸೇರಿ ಉಳಿದ ಬಟ್ಟೆ ಹಿಂಡಿ ತಂತಿಗೆ ಹಾಕಿದರು.

ಹಂಪಮ್ಮನ ಕಿವಿ ಚುರುಕಾಗಿತ್ತು, ಹಿತ್ತಲಿನ ಗೋಡೆಗೇ ಅವಳ ಮಂಚ. ಮರುದಿನ ಬೆಳಿಗ್ಗೆ ಸಿರಿಪಾಲ ಬಟ್ಟೆ ತೆಗೆದುಕೊಳ್ಳಲು ಒಳಗೆ ಹೋದಾಗ ಆಕೆ ಸೆರಗು ಎಳೆದುಕೊಳ್ಳಲಿಲ್ಲ. ನೇರವಾಗಿ ಅವನನ್ನು ನೋಡಿದಳು. ಅತ್ತೆಯ ಕಣ್ಣು ಕಂದು ಬಣ್ಣದ್ದು ಅಂತ ಅವನಿಗೆ ಗೊತ್ತಾದದ್ದು ಅವತ್ತು.

"ಕೂಡ್ರಿ" ಅಂದಳು. ಅವನು ಮಂಚದ ತುದಿಯಲ್ಲಿ ಕೂತ. ಆಕೆ ಹೇಳುತ್ತ ಹೋದಳು, ಶಿವಗಂಗಾ ತುಂಡು ತುಂಡಾಗಿ ಹಿಂದಿಯಲ್ಲಿ ಹೇಳಿದಳು. "ನನ್ನ ಮದಿವಿ ಸೀರಿ ನಾನಽ ಹೊಳ್ಯಾಗ ಒಗ್ಕಂಡೆ. ಮಡಿವಾಳಪ್ಪ ನಮ್ಮ ಕೇರಿಗೆ ಬರ್ತಿದ್ದಿಲ್ಲ. ಪಾಪ, ಅವನೂ ಕೆಟ್ಟ ಮನಶಾ ಅಲ್ಲ. ಬಂದಿದ್ರ ಊರಾಗ ಅವನ ಕೂಳು ಹೋಗ್ತಿತ್ತು. ಈಗ ನೋಡಿದ್ರ ನೀವು..." ಅವನ ಕೈಯಲ್ಲಿದ್ದ ಬಟ್ಟೆಯ ಕಡೆ ನೋಡಿದಳು. "ಒಗೀಬ್ಯಾಡ್ರಿ ಅನ್ನಾಕ ಬಾಯಿ ಬರವಲ್ದು. ಒಗೀರಿ ಅನ್ನಾಕೂ ಬರವಲ್ದು. ಏನು ಅನ್ಲಿ ಹೇಳ್ರಿ."

ಸಿರಿಪಾಲ ಕೈಯಲ್ಲಿದ್ದ ಬೆಡ್‌ಶೀಟು ತೋರಿಸಿ, ತನಗೆ ಬರುತ್ತಿದ್ದ ಕನ್ನಡದಲ್ಲಿ, "ಬಿಸಿ ನೀರು ಬೇಡ. ಕಲೆ ಕೂರ್ತದೆ. ತಣ್ಣೀರು" ಅಂದ.

"ಹೌದೇನು?" ಅಂದಳು ಹಂಪಮ್ಮ. "ನಾನು ಇಷ್ಟು ದಿನ ಕುದಿಯೋ ನೀರಾಗ ಹಾಕ್ತಿದ್ದೆ ನೋಡ್ರಿ."

ಅಂದಿನಿಂದ ಆಕೆ ಅವನ ಜತೆ ಮಾತಾಡಿದಳು, ಬೇರೆ ಯಾರ ಜತೆಗಿಂತ ಹೆಚ್ಚಾಗಿ. ಹೊಳೆ ಊರೊಳಗೆ ನುಗ್ಗಿದ ವರ್ಷದ ಕಥೆ, ಸತ್ತ ಗಂಡನ ಕಥೆ, ಶಿವಗಂಗಾ ಪರದೇಶಕ್ಕೆ ಹೋದ ದಿನ ತಾನು ಮೂರು ಹೊತ್ತು ಉಣ್ಣದ ಕಥೆ. ಅವನಿಗೆ ತಿಳಿಯುತ್ತಿದ್ದದ್ದು ಕಾಲುಭಾಗ. ಎಲ್ಲಿ ನಗಬೇಕು, ಎಲ್ಲಿ ಲೊಚಗುಟ್ಟಬೇಕು ಅಂತ ಆಕೆಯ ಮುಖ ನೋಡಿ ಮಾಡುತ್ತಿದ್ದ. ಒಂದೆರಡು ಸಲ ಅಳುವಲ್ಲಿ ನಕ್ಕು, ಶಿವಗಂಗಾಳ ಕೈಲಿ ಬೈಸಿಕೊಂಡ.

ಮಳೆಗಾಲ ಮುಗಿಯುವ ಹೊತ್ತಿಗೆ ಹಂಪಮ್ಮ ತೀರಿಕೊಂಡಳು. ಕೇರಿಯ ಹಿರಿಯರು ಹಲಗೆ ಬಡಿಸಬೇಕು, ನಮ್ಮ ಪದ್ಧತಿಯೇ ಆಗಬೇಕು ಅಂದರು. ಭೀಮರಾಜ ಬುದ್ಧವಂದನೆ ಆಗಬೇಕು ಅಂದ. ಮಾತು ಬಿಸಿಯಾಗುತ್ತಿದ್ದಾಗ ಸಿರಿಪಾಲ ಒಳಗೆ ಹೋಗಿ, ತಾನೇ ಒಗೆದು ಮಡಿಸಿಟ್ಟಿದ್ದ ಬಿಳಿ ಬಟ್ಟೆ ತಂದು ಚಟ್ಟದ ಮೇಲೆ ಹಾಸಿದ. ಅವನ ಊರಲ್ಲಿ ಸಾವಿನ ಮನೆಗೆ ಬಿಳಿ ಬಟ್ಟೆ ಹಾಸುವುದು ಅವನ ಮನೆತನದವರ ಪಾಲಿಗೆ ಬಂದ ಕೆಲಸ. ಅದು ಬೇಡ ಅಂತಲೇ ಅವನು ಹದಿಹರೆಯದಲ್ಲಿ ಮನೆ ಬಿಟ್ಟಿದ್ದ. ಇಲ್ಲಿ ಯಾರೂ ಅವನಿಗೆ ಹಾಸು ಅಂತ ಹೇಳಿರಲಿಲ್ಲ. ಮಣ್ಣು ಮಾಡುವ ಜಾಗದಲ್ಲಿ ಭೀಮರಾಜ ಕೇಳಿಕೊಂಡಾಗ ಪಾಲಿಯಲ್ಲಿ ಪಂಚಶೀಲ ಹೇಳಲು ಶುರುಮಾಡಿದ. ನಡುವೆ ಒಂದು ಸಾಲು ಮರೆತು ನಿಂತ. ಆ ಸಂದಿಯಲ್ಲಿ ಹಲಗೆಯವರು ಬಡಿಯಲು ಹಿಡಿದರು, ಇವನಿಗೆ ಸಾಲು ನೆನಪಾಯಿತು, ಎರಡೂ ಒಟ್ಟಿಗೇ ನಡೆದವು. ಮಾಡಿದ್ದು ಸರಿಯೋ ತಪ್ಪೋ ಕೇಳೋಣವೆಂದರೆ ಅಲ್ಲಿ ಹೇಳುವವರು ಯಾರೂ ಇರಲಿಲ್ಲ.

ಏಕಾಂತಪ್ಪ, ನಾಗಲಿಂಗಮ್ಮ ಮಾತಾಡಿಸಲು ಬಂದಿದ್ದರು. ಅಂಜಿನಕ್ಕ ಕೊಟ್ಟ ಚಹಾವನ್ನು ನಾಗಲಿಂಗಮ್ಮ ಒಂದೇ ಗುಟುಕಿಗೆ ಕುಡಿದಳು, ಏಕಾಂತಪ್ಪ ಶುಗರ್ ಐತಿ ಅಂತ ಮುಟ್ಟಲಿಲ್ಲ. ಅವರಿಗೆ ಶುಗರ್ ಇದ್ದದ್ದು ನಿಜವೇ. ಹಾಗಾಗಿ ಅದನ್ನು ಏನಂತ ತಿಳಿಯಬೇಕೋ ಸಿರಿಪಾಲನಿಗೆ ಇವತ್ತಿಗೂ ಗೊತ್ತಿಲ್ಲ. ಮಹಡಿ ಮನೆಯನ್ನು ಸಿರಿಪಾಲ, ಶಿವಗಂಗಾ ಬಿಟ್ಟುಕೊಟ್ಟರು, ಜಗಳವಿಲ್ಲದೆ. ಹಲವಾಗಲಿನಲ್ಲಿ ಹಂಪಮ್ಮನ ಕೋಣೆಯಲ್ಲೇ ಉಳಿದರು.

ಎರಡು ವರ್ಷ ನೋಡೋಣ ಅಂದದ್ದು ಮುಗಿದುಹೋಯಿತು. ಕುರುನೇಗಲದಿಂದ ಅಣ್ಣ ಫೋನು ಮಾಡುತ್ತಾನೆ, ಈಗ ಮಾತ್ರೆ ಸಿಗುತ್ತದೆ, ಬನ್ನಿ ಅನ್ನುತ್ತಾನೆ. ಶಿವಗಂಗಾ "ನೀ ಹ್ಯಾಂಗಂತಿ ಹಂಗ" ಅನ್ನುತ್ತಾಳೆ. ಅವನೂ ಅದನ್ನೇ ಅನ್ನುತ್ತಾನೆ. ಕೊನೆಗೆ ಸಿಂಹಳದವರ ಹೊಸ ವರ್ಷಕ್ಕೆ, ಏಪ್ರಿಲ್ ತಿಂಗಳಲ್ಲಿ, ಒಂದು ಸಲ ಹೋಗಿ ನೋಡಿ ಬರೋಣ ಅಂತ ಇಬ್ಬರೂ ಹರಪನಹಳ್ಳಿಗೆ ಟಿಕೆಟ್ ಮಾಡಿಸಲು ಹೋದರು. ಬೀರಲಿಂಗೇಶ್ ಅನ್ನುವವನದು ಅಲ್ಲಿ ಆನ್‌ಲೈನ್ ಕೆಲಸದ ಅಂಗಡಿ.

"ಹೋಗಾದು ಬರಾದು ಎರಡೂ ಮಾಡ್ಲೇನ್ರಿ?" ಅಂತ ಕೇಳಿದ ಬೀರಲಿಂಗೇಶ್, ಕಂಪ್ಯೂಟರಿನಿಂದ ಕಣ್ಣೆತ್ತದೆ. "ಯಾವುದು ಹೋಗಾದು ಬರೀಲಿ, ಯಾವುದು ಬರಾದು? ಊರು ಯಾವುದು ನಿಮ್ದು, ಕೊಲಂಬೋನೋ ಇಲ್ಲೇನೋ?"

ಸಿರಿಪಾಲ ಶಿವಗಂಗಾಳ ಕಡೆ ನೋಡಿದ. ಅವಳು ಹೊರಗೆ ರಸ್ತೆಯ ಅರ್ಧಕ್ಕೆ ಹರವಿದ ಮೆಕ್ಕೆಜೋಳವನ್ನು ನೋಡುತ್ತಿದ್ದಳು. ಲಾರಿಯೊಂದು ಅದನ್ನು ತುಳಿಯದೆ ಪಕ್ಕಕ್ಕೆ ಸರಿದು ಹೋಯಿತು.

"ಸದ್ಯಕ್ಕ ಒಂದು ಕಡೀದು ಮಾಡ್ರಿ" ಅಂದಳು ಅವಳು. "ಇನ್ನೊಂದು ಅಲ್ಲಿಂದ ಫೋನ್ ಮಾಡಿ ಹೇಳ್ತೀವಿ."